ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ದೊಡ್ಡ ಗೇಮ್: ಕ್ಲೌಡ್ ಗೇಮಿಂಗ್‌ಗೆ ಹಣ ಕಟ್ಟುವ ಮುನ್ನ

ಈಚಿನ ದೊಡ್ಡ ಗೇಮ್‌ಗಳಲ್ಲಿ ಎಷ್ಟೋ ಆಟಗಳಿಗೆ 100 ಜಿಬಿ ಜಾಗ ಬೇಕು. ಜಾಗ ಹೇಗೋ ಹೊಂದಿಸಿದರೆ ಮುಂದೆ, ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೇಳುತ್ತದೆ. ಆಫೀಸ್ ಕೆಲಸಕ್ಕೆಂದು ಕೊಂಡ ಲ್ಯಾಪ್‌ಟಾಪಿನಲ್ಲಿ ಅದು ಇರುವುದಿಲ್ಲ, ಆಮೇಲೆ ಹಾಕಿಸಲೂ ಬರುವುದಿಲ್ಲ. ಡೆಸ್ಕ್‌ಟಾಪ್ ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತರಬಹುದು. ಆದರೂ ಒಳ್ಳೆಯ ಕಾರ್ಡಿನ ಬೆಲೆಗೆ ಇನ್ನೊಂದು ಲ್ಯಾಪ್‌ಟಾಪೇ ಬರುತ್ತದೆ. ಇದ್ಯಾವುದೂ ಬೇಡ, ಇಂಟರ್‌ನೆಟ್ ಇದ್ದರೆ ಸಾಕು ಎನ್ನುವುದು ಕ್ಲೌಡ್ ಗೇಮಿಂಗ್ ಕಂಪನಿಗಳ ಮಾತು. ಮಾತು ಸುಳ್ಳಲ್ಲ. ಆದರೆ ಎಂಥ ಇಂಟರ್‌ನೆಟ್ ಎಂಬುದನ್ನು ಹಣ ಕಟ್ಟುವ ಮೊದಲೇ ನಿಮ್ಮ ಮನೆಯಲ್ಲಿ, ನೀವು ಆಡುವ ಹೊತ್ತಿನಲ್ಲೇ ನೋಡಿಕೊಳ್ಳಬೇಕು.

ಇಲ್ಲಿ ಗೇಮ್ ಓಡುವುದು ಕಂಪನಿಯ ಡೇಟಾ ಸೆಂಟರಿನ ಯಂತ್ರದಲ್ಲಿ. ನಿಮ್ಮ ಪರದೆಗೆ ಬರುವುದು ವಿಡಿಯೊ ಮಾತ್ರ; ನಿಮ್ಮಿಂದ ಹೋಗುವುದು ಯಾವ ಬಟನ್ ಒತ್ತಿದಿರಿ ಎಂಬ ಸಂಕೇತ. ಹಾಗಾದರೆ ಯೂಟ್ಯೂಬ್ ನೋಡಿದ ಹಾಗೇ ಅಲ್ಲವೇ? ಅಲ್ಲ. ಯೂಟ್ಯೂಬ್ ಮುಂದಿನ ಒಂದಷ್ಟು ಸೆಕೆಂಡಿನ ವಿಡಿಯೊವನ್ನು ಮೊದಲೇ ತರಿಸಿ ಇಟ್ಟುಕೊಳ್ಳುತ್ತದೆ. ನಡುವೆ ನೆಟ್ ಎಡವಿದರೂ ನಿಮಗೆ ಗೊತ್ತಾಗುವುದಿಲ್ಲ. ಗೇಮ್‌ನಲ್ಲಿ ಮುಂದಿನ ಚಿತ್ರ ಯಾವುದೆಂದು ತೀರ್ಮಾನವಾಗುವುದೇ ನೀವು ಬಟನ್ ಒತ್ತಿದ ಮೇಲೆ. ಮೊದಲೇ ತರಿಸಿಟ್ಟುಕೊಳ್ಳಲು ಏನೂ ಇರುವುದಿಲ್ಲ.

ಕಂಪನಿ ಏನು ಕೊಡುತ್ತದೆ, ಓದಿಕೊಳ್ಳಿ

ಉದಾಹರಣೆಗೆ ಎನ್‌ವಿಡಿಯಾದ ‘ಜಿಫೋರ್ಸ್ ನೌ’ ತೆಗೆದುಕೊಳ್ಳೋಣ. ಗ್ರಾಫಿಕ್ಸ್ ಚಿಪ್‌ಗಳಿಗೆ ಹೆಸರಾದ ಈ ಅಮೆರಿಕನ್ ಕಂಪನಿ ಸೇವೆಯನ್ನು ಬೀಟಾ (ಪ್ರಾಯೋಗಿಕ) ಹಂತದಿಂದ ಹೊರಗೆ ತಂದಿದ್ದು 2020ರ ಫೆಬ್ರುವರಿಯಲ್ಲಿ. ಭಾರತಕ್ಕೂ ತರುತ್ತೇವೆ ಎಂದು 2025ರ ಜನವರಿಯಲ್ಲಿ ಘೋಷಿಸಿತು. ಅದು ಗೇಮ್ ಮಾರುವುದಿಲ್ಲ, ಯಂತ್ರ ಬಾಡಿಗೆಗೆ ಕೊಡುತ್ತದೆ. ಸ್ಟೀಮ್, ಎಪಿಕ್, ಯೂಬಿಸಾಫ್ಟ್ ಮೊದಲಾದ ಅಂಗಡಿಗಳಲ್ಲಿ ನೀವು ಕೊಂಡಿರುವ ಗೇಮನ್ನೇ ಅದರ ಯಂತ್ರದಲ್ಲಿ ಓಡಿಸಬೇಕು. ಮೈಕ್ರೊಸಾಫ್ಟಿನ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್‌ನ ಲೆಕ್ಕ ಬೇರೆ. 2025ರ ಕೊನೆಯಲ್ಲಿ ಭಾರತಕ್ಕೆ ಬಂದ ಆ ಸೇವೆ ‘ಗೇಮ್ ಪಾಸ್’ ಚಂದಾದ ಭಾಗ. ಚಂದಾ ಕಟ್ಟಿದರೆ ಅದರ ಪಟ್ಟಿಯಲ್ಲಿರುವ ಗೇಮ್‌ಗಳೂ ಜೊತೆಗೇ ಸಿಗುತ್ತವೆ, ಚಂದಾ ನಿಂತರೆ ಅವೂ ಹೋಗುತ್ತವೆ. ಸ್ಟೀಮ್‌ನಲ್ಲಿ ಈಗಾಗಲೇ ಒಂದಷ್ಟು ಗೇಮ್ ಕೊಂಡಿಟ್ಟವರಿಗೆ ಮೊದಲನೆಯದು ಲಾಭ. ಕೈಯಲ್ಲಿ ಒಂದೂ ಗೇಮ್ ಇಲ್ಲದವರಿಗೆ ಎರಡನೆಯದು.

ನೀವು ಆಡಬೇಕೆಂದಿರುವ ಗೇಮ್ ಅವರ ಪಟ್ಟಿಯಲ್ಲಿದೆಯೇ ಎಂದು ಹುಡುಕುವುದು ಮೊದಲ ಕೆಲಸ. ಸ್ಟೀಮ್‌ನಲ್ಲಿ ಕೊಂಡಿದ್ದೇನೆ, ಆದ್ದರಿಂದ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಗೇಮ್ ಮಾಡಿದ ಸಂಸ್ಥೆ ಒಪ್ಪಬೇಕು. ಜಿಫೋರ್ಸ್ ನೌ ಶುರುವಾದ ತಿಂಗಳಲ್ಲೇ ಆಕ್ಟಿವಿಷನ್ ಬ್ಲಿಝಾರ್ಡ್ ಸಂಸ್ಥೆ ತನ್ನ ಗೇಮ್‌ಗಳನ್ನೆಲ್ಲ ವಾಪಸ್ ತೆಗೆದುಕೊಂಡಿತು. ಬೆಥೆಸ್ಡಾ, 2ಕೆ ಕೂಡ ಅದೇ ದಾರಿ ಹಿಡಿದವು. ದುಡ್ಡು ಕೊಟ್ಟು ಕೊಂಡಿದ್ದವರ ಗೇಮ್ ಸ್ಟೀಮ್‌ನಲ್ಲಿ ಇದ್ದೇ ಇತ್ತು, ಈ ಯಂತ್ರದಲ್ಲಿ ಮಾತ್ರ ಓಡುತ್ತಿರಲಿಲ್ಲ. ‘ಕಾಲ್ ಆಫ್ ಡ್ಯೂಟಿ’ ಮರಳಿ ಬಂದದ್ದು 2023ರ ಕೊನೆಗೆ, ಮೈಕ್ರೊಸಾಫ್ಟ್ ಆಕ್ಟಿವಿಷನ್ನನ್ನೇ ಕೊಂಡ ಮೇಲೆ.

ಸ್ಪೀಡ್ ಸರಿ, ಪಿಂಗ್ ಎಷ್ಟು?

ಬ್ರಾಡ್‌ಬ್ಯಾಂಡಿನವರು ಮಾರುವುದು ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್) ಲೆಕ್ಕದಲ್ಲಿ. ಹಾಗಾಗಿ ಎಲ್ಲರೂ ಮೊದಲು ನೋಡುವುದೂ ಅದನ್ನೇ. ಎನ್‌ವಿಡಿಯಾ ಕೇಳುವುದು 720ಪಿ ಚಿತ್ರಕ್ಕೆ 15 ಎಂಬಿಪಿಎಸ್, 1080ಪಿಗೆ 25, 4ಕೆಗೆ 45. ನಗರದ ಸಾಮಾನ್ಯ ಫೈಬರ್ ಸಂಪರ್ಕದಲ್ಲೂ ಇದು ಸಲೀಸಾಗಿ ಸಿಗುತ್ತದೆ. 100ರ ಬದಲು 300 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡರೆ ಗೇಮ್ ಇನ್ನೂ ಚೆನ್ನಾಗಿ ಓಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನೋಡಬೇಕಾದ್ದು ಪಿಂಗ್. ಅಂದರೆ, ನಿಮ್ಮ ಮನೆಯಿಂದ ಹೊರಟ ಸಂಕೇತ ಸರ್ವರ್ ಮುಟ್ಟಿ ವಾಪಸ್ ಬರಲು ಹಿಡಿಯುವ ಸಮಯ, ಮಿಲಿಸೆಕೆಂಡುಗಳಲ್ಲಿ. 80ರ ಒಳಗೆ ಇರಲೇಬೇಕು, 40ರ ಒಳಗಿದ್ದರೆ ಚೆನ್ನ ಎನ್ನುತ್ತದೆ ಎನ್‌ವಿಡಿಯಾ. ಏಕೆ ಇಷ್ಟು ಬಿಗಿ? ಸೆಕೆಂಡಿಗೆ 60 ಚಿತ್ರ ಮೂಡುವ ಗೇಮ್‌ನಲ್ಲಿ ಒಂದೊಂದು ಚಿತ್ರದ ಆಯಸ್ಸು ಸುಮಾರು 16.7 ಮಿಲಿಸೆಕೆಂಡ್. ಪಿಂಗ್ 80 ಆದರೆ ನೀವು ಗುಂಡು ಹಾರಿಸಿದ್ದು ಪರದೆಯಲ್ಲಿ ಕಾಣುವ ಹೊತ್ತಿಗೆ ಹೆಚ್ಚುಕಡಿಮೆ ಐದು ಚಿತ್ರಗಳು ಕಳೆದುಹೋಗಿರುತ್ತವೆ. ಅಲ್ಲಿ ವಿಡಿಯೊ ಕುಗ್ಗಿಸಲು, ಇಲ್ಲಿ ಬಿಡಿಸಲು, ಟಿವಿ ಅದನ್ನು ತೋರಿಸಲು ಹಿಡಿಯುವ ಸಮಯ ಇದರ ಮೇಲೆ ಬೇರೆ.

ಇದರಲ್ಲಿ ಒಂದು ಪಾಲನ್ನು ಯಾರೂ ಕಡಿಮೆ ಮಾಡಲಾಗದು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 1,000 ಕಿ.ಮೀ. ದೂರದಲ್ಲಿದ್ದರೆ ಹೋಗಿಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ಸಿಂಗಪುರದ ಸರ್ವರ್ ಆದರೆ ಬೆಂಗಳೂರಿನಿಂದ ಕಾಗೆ ಹಾರುವ ನೇರದಲ್ಲೇ 3,000 ಕಿ.ಮೀ. ದಾಟುತ್ತದೆ, ಅಂದರೆ 30 ಮಿಲಿಸೆಕೆಂಡಿಗೂ ಮೇಲೆ. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ಲೆಕ್ಕ ಇನ್ನೂ ಏರುತ್ತದೆ. ಸರ್ವರ್ ಭಾರತದಲ್ಲಿದೆಯೇ ಎಂಬುದು ಇದಕ್ಕೇ ದೊಡ್ಡ ಪ್ರಶ್ನೆ. ಬೇರೆ ದೇಶದಲ್ಲಿರುವಂತೆ ತೋರಿಸುವ ವಿಪಿಎನ್ ಹಾಕಿ ಅಲ್ಲಿನ ಖಾತೆಯಲ್ಲಿ ಆಡುವ ಉಪಾಯ ಹೇಳಿಕೊಡುವವರು ಈ ದೂರದ ಮಾತನ್ನು ಮಾತ್ರ ಎತ್ತುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಜಿಫೋರ್ಸ್ ನೌ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಟೆಸ್ಟ್ ಇದೆ. ಸಾಮಾನ್ಯ ಸ್ಪೀಡ್ ಟೆಸ್ಟ್ ಆ್ಯಪ್‌ಗಳು ನಿಮ್ಮ ಊರಿನ ಹತ್ತಿರದ ಸರ್ವರ್ ಹಿಡಿದು ಚೆಂದದ ಸಂಖ್ಯೆ ತೋರಿಸುತ್ತವೆ. ಈ ಟೆಸ್ಟ್ ಗೇಮ್ ಓಡುವ ಸರ್ವರ್‌ವರೆಗೂ ಅಳೆಯುತ್ತದೆ. ಮಧ್ಯಾಹ್ನ ಒಮ್ಮೆ ಮಾಡಿ, ರಾತ್ರಿ ಒಂಬತ್ತರ ಹೊತ್ತಿಗೆ ಇನ್ನೊಮ್ಮೆ ಮಾಡಿ. ರಾತ್ರಿಯದೇ ನಿಜವಾದ ಫಲಿತಾಂಶ. ಬೀದಿಯವರೆಲ್ಲ ಧಾರಾವಾಹಿ, ಕ್ರಿಕೆಟ್ ನೋಡುವ ಹೊತ್ತು ಅದು. ಪಿಂಗ್ ಜೊತೆಗೆ ‘ಪ್ಯಾಕೆಟ್ ಲಾಸ್’ ಎಷ್ಟೆಂದೂ ನೋಡಿ. ದಾರಿಯಲ್ಲಿ ಕಳೆದುಹೋದ ದತ್ತಾಂಶದ ಪ್ರಮಾಣ ಅದು, ಸೊನ್ನೆಗೆ ಹತ್ತಿರವಿರಬೇಕು. ಪಿಂಗ್ 30 ಇದ್ದೂ ಇದು ಹೆಚ್ಚಿದ್ದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಮನೆಯೊಳಗಿನ ರಿಪೇರಿ

ಸಂಖ್ಯೆ ಚೆನ್ನಾಗಿಲ್ಲದಿದ್ದರೆ ಕಂಪನಿಯನ್ನೋ ಬ್ರಾಡ್‌ಬ್ಯಾಂಡಿನವರನ್ನೋ ಬೈಯುವ ಮೊದಲು ಲ್ಯಾಪ್‌ಟಾಪ್ ಮತ್ತು ರೂಟರ್ ನಡುವೆ ಒಂದು ಲ್ಯಾನ್ ಕೇಬಲ್ ಎಳೆದು ನೋಡಿ. ಎಷ್ಟೋ ಮನೆಗಳಲ್ಲಿ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಕೇಬಲ್ ಎಳೆಯಲಾಗದಿದ್ದರೆ ವೈಫೈ 5 ಗಿಗಾಹರ್ಟ್ಸ್‌ನಲ್ಲಿರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಪಕ್ಕದ ಮನೆಗಳ ರೂಟರ್, ಬ್ಲೂಟೂತ್, ಅಡುಗೆಮನೆಯ ಮೈಕ್ರೊವೇವ್ ಎಲ್ಲದರ ಗಲಾಟೆ. 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಸೋಲುತ್ತದೆ. ಆದ್ದರಿಂದ ರೂಟರ್ ಇರುವ ಕೋಣೆಯಲ್ಲೇ ಕೂತು ಆಡಿ. ಕರೆಂಟ್ ಹೋಗಿ ಬರುವ ಊರಾದರೆ ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿಸಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದ್ದರೂ ರೂಟರ್ ಆರಿದರೆ ಆಟ ಅಲ್ಲಿಗೇ ನಿಂತಿತು.

ಟಿವಿಯಲ್ಲಿ ಆಡುವವರು ಅದರ ‘ಗೇಮ್ ಮೋಡ್’ ಆನ್ ಮಾಡಬೇಕು. ಚಿತ್ರ ನಯವಾಗಿಸಲು ಟಿವಿ ಒಳಗೊಳಗೇ ಮಾಡುವ ಕಸರತ್ತು ವಿಳಂಬ ತರುತ್ತದೆ. ಈ ಮೋಡ್ ಅದನ್ನು ನಿಲ್ಲಿಸುತ್ತದೆ. ಕಂಟ್ರೋಲರನ್ನು ಸಾಧ್ಯವಾದರೆ ಯುಎಸ್‌ಬಿ ವೈರ್‌ನಲ್ಲೇ ಜೋಡಿಸಿ.

ಡೇಟಾ ಲೆಕ್ಕ

ಮೊಬೈಲ್ ಪ್ಯಾಕ್ ನಂಬಿ ಇದಕ್ಕೆ ಕೈಹಾಕಬೇಡಿ. 15 ಎಂಬಿಪಿಎಸ್‌ನಂತೆ ಹರಿದರೆ ಗಂಟೆಗೆ 6.75 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ 18 ನಿಮಿಷದೊಳಗೆ ಖಾಲಿ. 25 ಎಂಬಿಪಿಎಸ್ ಆದರೆ ಗಂಟೆಗೆ 11 ಜಿಬಿ ದಾಟುತ್ತದೆ. ಮನೆಯ ಫೈಬರ್ ‘ಅನ್‌ಲಿಮಿಟೆಡ್’ ಎಂದಿದ್ದರೂ ಅದರ ಕೆಳಗಿನ ಸಣ್ಣ ಅಕ್ಷರ ಓದಿ. ಹಲವು ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತದೆ, ಆಮೇಲೆ ವೇಗ ಇಳಿಯುತ್ತದೆ. ಆಟಕ್ಕೆ ಅದು ಧಾರಾಳ. ಅಗ್ಗದ ಪ್ಲಾನ್‌ಗಳ ಮಿತಿ ಇದಕ್ಕಿಂತ ಬಹಳ ಕಡಿಮೆ ಇರಬಹುದು; ತೊಂದರೆ ಅಲ್ಲಿ. ಜಿಫೋರ್ಸ್ ನೌ ಆ್ಯಪ್‌ನಲ್ಲಿ ‘ಡೇಟಾ ಸೇವರ್’ ಎಂಬ ಆಯ್ಕೆಯಿದೆ. ಚಿತ್ರ ಸ್ವಲ್ಪ ಮಂಕಾದರೂ ಚೆಸ್, ಊರು ಕಟ್ಟುವ ಆಟ, ಕಥೆಯ ಆಟಗಳಿಗೆ ಧಕ್ಕೆಯಿಲ್ಲ.

ಮೊದಲು ಪುಕ್ಕಟೆ, ಆಮೇಲೆ ಕಾಸು

ಜಿಫೋರ್ಸ್ ನೌನಲ್ಲಿ ಪುಕ್ಕಟೆ ಹಂತವೂ ಇದೆ. ಸರದಿಯಲ್ಲಿ ಕಾಯಬೇಕು, ಜಾಹೀರಾತು ನೋಡಬೇಕು, ಒಂದು ಗಂಟೆಗೆ ಆಟ ಕಡಿದುಹೋಗುತ್ತದೆ. ಕಿರಿಕಿರಿಯೇ, ಆದರೆ ಪರೀಕ್ಷೆಗೆ ಒಂದು ಗಂಟೆ ಬೇಕಾದಷ್ಟಾಯಿತು. ಸ್ಟೀಮ್ ಖಾತೆ ಜೋಡಿಸಿ, ಗೇಮ್ ತೆರೆದು, ಕಂಟ್ರೋಲ್ ಮತ್ತು ‘ಎನ್’ ಕೀ ಒಟ್ಟಿಗೆ ಒತ್ತಿದರೆ ಪಿಂಗ್ ಮೊದಲಾದ ವಿವರ ಪರದೆಯ ಮೇಲೇ ಕಾಣುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೆ ವಿಡಿಯೊ ಹಾಕಲು ಹೇಳಿ, ಸಂಖ್ಯೆ ಎಷ್ಟು ಏರುತ್ತದೆ ನೋಡಿ. ಫುಟ್‌ಬಾಲ್, ರೇಸಿಂಗ್, ಶೂಟಿಂಗ್ ಆಟಗಳಲ್ಲಿ ಈ ವಿಳಂಬ (ಲ್ಯಾಗ್) ಕೂಡಲೇ ಕೈಗೆ ತಿಳಿಯುತ್ತದೆ. ಆನ್‌ಲೈನ್‌ನಲ್ಲಿ ಎದುರಾಳಿಗಳ ಜೊತೆ ಪೈಪೋಟಿಗೆ ಇಳಿಯುವವರಿಗೆ ನಾನಂತೂ ಕ್ಲೌಡ್ ಶಿಫಾರಸು ಮಾಡುವುದಿಲ್ಲ. ಎದುರಿನವನ ಯಂತ್ರ ಅವನ ಮೇಜಿನ ಮೇಲೆ ಇರುತ್ತದೆ.

ಹಣ ಕಟ್ಟುವ ಹಂತದಲ್ಲೂ ಗಂಟೆಯ ಲೆಕ್ಕ ಉಂಟು: ತಿಂಗಳಿಗೆ 100 ಗಂಟೆ, ಬಳಸದೆ ಉಳಿದದ್ದರಲ್ಲಿ 15 ಗಂಟೆಯವರೆಗೆ ಮುಂದಿನ ತಿಂಗಳಿಗೆ ಸೇರುತ್ತದೆ. ದಿನಕ್ಕೆ ಮೂರು ಗಂಟೆ ಆಡುವವರಿಗೂ ಇದು ಸಾಕು. ಒಂದು ಖಾತೆಯಲ್ಲಿ ಅಣ್ಣ ತಮ್ಮ ಇಬ್ಬರೂ ಆಡುವ ಮನೆಯಲ್ಲಿ ಸಾಲದು.

ಹಣ ಕಟ್ಟಿ ಆಡುವ ಗೇಮ್ ಎಂದ ಕೂಡಲೇ ಗಾಬರಿಯಾಗುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಗೆಲ್ಲುವ ಆಸೆಯಿಂದ ಪಣ ಕಟ್ಟುವ ಆಟಗಳನ್ನು. ಗೇಮ್ ಆಡಲು ಕೊಡುವ ಚಂದಾ ಅದರಲ್ಲಿ ಬರುವುದಿಲ್ಲ.

ಶುರುವಿನಲ್ಲಿ ಒಂದು ತಿಂಗಳಿಗಷ್ಟೇ ಕಟ್ಟಿ, ವರ್ಷದ ರಿಯಾಯಿತಿಗೆ ಮರುಳಾಗಬೇಡಿ. ಈ ವ್ಯವಹಾರದಲ್ಲಿ ಅಂಗಡಿ ಮುಚ್ಚಿದ್ದು ಹೊಸದೇನಲ್ಲ. 2010ರಲ್ಲಿ ಸದ್ದು ಮಾಡುತ್ತಾ ಬಂದ ‘ಆನ್‌ಲೈವ್’ 2015ರಲ್ಲಿ ಪೇಟೆಂಟ್‌ಗಳನ್ನು ಸೋನಿಗೆ ಮಾರಿ ಬಾಗಿಲು ಹಾಕಿತು. ಗೂಗಲ್‌ನ ‘ಸ್ಟೇಡಿಯಾ’ 2019ರ ನವೆಂಬರಿನಲ್ಲಿ ಶುರುವಾಗಿ 2023ರ ಜನವರಿ 18ಕ್ಕೆ ನಿಂತಿತು. ಅಲ್ಲಿ ಗೇಮ್‌ಗಳನ್ನು ಸ್ಟೇಡಿಯಾದಲ್ಲೇ ಕೊಳ್ಳಬೇಕಿತ್ತು. ಗೂಗಲ್ ಆ ಹಣ ಹಿಂದಿರುಗಿಸಿತು, ಎಲ್ಲ ಕಂಪನಿಗಳೂ ಹಾಗೆ ಮಾಡುತ್ತವೆಂದು ಹೇಳಲಾಗದು. ಗೇಮ್ ಕೊಳ್ಳುವುದಾದರೆ ಸ್ಟೀಮ್‌ನಂಥ ಅಂಗಡಿಯಲ್ಲೇ ಕೊಳ್ಳಿ. ನಾಳೆ ಕ್ಲೌಡ್ ಸೇವೆ ನಿಂತರೂ ಒಳ್ಳೆಯ ಕಂಪ್ಯೂಟರ್ ಕೊಂಡ ದಿನ ಅದನ್ನು ಇಳಿಸಿಕೊಂಡು ಆಡಬಹುದು.

ಕಾರ್ಡ್ ಅಥವಾ ಯುಪಿಐ ಮೂಲಕ ಆಟೊಪೇ ಒಪ್ಪಿದ್ದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮುಂಚೆ ನಿಮಗೆ ಸೂಚನೆ ಬರಬೇಕು. ಅದನ್ನೇ ನೆಚ್ಚಿ ಕೂರದೆ, ಚಂದಾ ಕಟ್ಟಿದ ದಿನವೇ ಸೇವೆಯ ಖಾತೆಯಲ್ಲಿ ತಾನಾಗಿ ನವೀಕರಣವಾಗುವುದನ್ನು ರದ್ದು ಮಾಡಿ. ರದ್ದು ಮಾಡಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ಆಡಲು ಬಿಡುತ್ತಾರೆಯೇ ಎಂದು ಮೊದಲೇ ಷರತ್ತುಗಳಲ್ಲಿ ನೋಡಿಕೊಳ್ಳಿ. ಬೇಕೆನಿಸಿದರೆ ಮುಂದಿನ ತಿಂಗಳು ಮತ್ತೆ ಕಟ್ಟಬಹುದು.