ಅಂಗಡಿಯಲ್ಲಿ ಎರಡು ಬ್ರೌಸರ್ ಯಾಕೆ ಇಟ್ಟುಕೊಂಡೆ

ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್. ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ ಅಂತ ಬೆಳಗ್ಗೆಯಿಂದ ಸಂಜೆವರೆಗೂ ಬ್ರೌಸರ್ ಮುಂದೆಯೇ ನನ್ನ ಕೆಲಸ. ಯಾವ ಬ್ರೌಸರ್ ಫಾಸ್ಟ್ ಅಂತ ಬಹಳ ಜನ ಕೇಳುತ್ತಾರೆ. ನನಗೆ ಅದು ಮುಖ್ಯ ಅನಿಸುವುದೇ ಇಲ್ಲ. ಏನಾದರೂ ಕೈಕೊಟ್ಟಾಗ ಅದು ನಮಗೆ ಗೊತ್ತಾಗುವ ಹಾಗೆ ಹೇಳುತ್ತದಾ? ನಾನು ನೋಡುವುದು ಅದನ್ನೇ.

ಒಂದು ದಿನ ವಯಸ್ಸಾದ ರೈತರೊಬ್ಬರು ಬಂದಿದ್ದರು. ಅರ್ಜಿ ತುಂಬಿ, ದುಡ್ಡು ಕಟ್ಟಿ, ಪ್ರಿಂಟ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಪುಟ ಹಾಗೇ ನಿಂತಿತ್ತು. "ಸರ್ವರ್ ಇಲ್ವೇನಪ್ಪಾ? ನಾಳೆ ಬರ್ಲಾ?" ಅಂತ ಚೀಲ ಎತ್ತಿಕೊಂಡರು. ಇನ್ನೊಮ್ಮೆ ಬಸ್ ಹತ್ತಿ ಬರಬೇಕಲ್ಲ ಅಂತ ಹೊಟ್ಟೆ ಚುರ್ ಎಂದಿತು. "ಸ್ವಲ್ಪ ಕೂತ್ಕೊಳ್ಳಿ ಅಜ್ಜಾ" ಅಂದೆ.

ಸರ್ವರ್ ಸರಿಯಾಗೇ ಇತ್ತು. ರಸೀದಿ ಹೊಸ ಕಿಟಕಿಯಲ್ಲಿ ತೆರೆಯಬೇಕಿತ್ತು, ಬ್ರೌಸರ್ ಅದನ್ನು ಪಾಪ್‌ಅಪ್ ಅಂತ ತಡೆದಿತ್ತು. ಕ್ರೋಮ್‌ನಲ್ಲಿ ಹೀಗಾದರೆ ವಿಳಾಸದ ಪಟ್ಟಿಯ ಬಲತುದಿಯಲ್ಲಿ ಒಂದು ಸಣ್ಣ ಗುರುತು ಬರುತ್ತದೆ. ಅದನ್ನು ಒತ್ತಿ ಅನುಮತಿ ಕೊಡಬೇಕು. ಫೈರ್‌ಫಾಕ್ಸ್ ಆದರೆ ಪುಟದ ತಲೆಯ ಮೇಲೆ ಒಂದು ಪಟ್ಟಿ ಎಳೆದು, ಕಿಟಕಿ ತಡೆದಿದ್ದೇನೆ ಅಂತ ಹೇಳುತ್ತದೆ. ವ್ಯತ್ಯಾಸ ಇಷ್ಟೇ. ಆದರೆ ಆ ಗುರುತು ಕಣ್ಣಿಗೆ ಬೀಳದವರು ಸರ್ವರ್ ಡೌನ್ ಅಂದುಕೊಂಡು ಮನೆಗೆ ಹೋಗುತ್ತಾರೆ. ಎಷ್ಟು ಜನ ಹೀಗೆ ವಾಪಸ್ ಹೋಗಿರಬಹುದು ಅಂತ ಯೋಚಿಸಿದರೆ ಬೇಜಾರಾಗುತ್ತದೆ.

ಒಂದರಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ನೋಡೋಣ ಅಂತ ಮೊದಲು ನಾನು ಕ್ರೋಮ್ ಬಿಟ್ಟು ಎಡ್ಜ್ ತೆರೆಯುತ್ತಿದ್ದೆ. ಅದರಿಂದ ಹೆಚ್ಚಿನ ಸಲ ಪ್ರಯೋಜನ ಇಲ್ಲ ಅಂತ ಆಮೇಲೆ ತಿಳಿಯಿತು. 2020ರಿಂದ ಎಡ್ಜ್ ಕೂಡ, ಕ್ರೋಮ್‌ಗೆ ಆಧಾರವಾಗಿರುವ ಕ್ರೋಮಿಯಂ ಅನ್ನುವ ತಂತ್ರಾಂಶದ ಮೇಲೆಯೇ ನಿಂತಿದೆ. ಬ್ರೇವ್, ಒಪೆರಾ ಕೂಡ ಅಷ್ಟೇ. ಹೆಸರು ಬೇರೆ, ಪುಟವನ್ನು ತೆರೆದು ತೋರಿಸುವ ಒಳಗಿನ ಎಂಜಿನ್ ಒಂದೇ. ಫೈರ್‌ಫಾಕ್ಸ್‌ನದು ಗೆಕ್ಕೋ, ಸಫಾರಿಯದು ವೆಬ್‌ಕಿಟ್. ಅದಕ್ಕೇ ನಾನು ಕ್ರೋಮ್ ಜೊತೆಗೆ ಫೈರ್‌ಫಾಕ್ಸ್ ಇಟ್ಟುಕೊಂಡೆ. ಹಾಗಂತ ಫೈರ್‌ಫಾಕ್ಸ್ ಒಂದೇ ಸಾಕು ಅನ್ನಲಾರೆ. ಎಷ್ಟೋ ಸೈಟುಗಳನ್ನು ಕ್ರೋಮ್‌ನಲ್ಲಿ ಮಾತ್ರ ಪರೀಕ್ಷಿಸಿ ಬಿಟ್ಟಿರುತ್ತಾರೆ. ಅಲ್ಲಿ ಫೈರ್‌ಫಾಕ್ಸ್ ತಡವರಿಸುತ್ತದೆ.

ಹಳೇ ಕಂಪ್ಯೂಟರ್ ಇದ್ದವರಿಗೂ ಫೈರ್‌ಫಾಕ್ಸ್ ಉಪಯೋಗಕ್ಕೆ ಬಂತು. ವಿಂಡೋಸ್ 7ಕ್ಕೆ ಕ್ರೋಮ್ 109ರ ಆವೃತ್ತಿಯೇ ಕೊನೆ, ಅದು ಬಂದದ್ದು 2023ರ ಜನವರಿಯಲ್ಲಿ. ಅದಾದ ಮೇಲೂ ಫೈರ್‌ಫಾಕ್ಸ್ 115ರ ಇಎಸ್‌ಆರ್‌ಗೆ, ಅಂದರೆ ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿಗೆ, ಭದ್ರತೆಯ ಅಪ್‌ಡೇಟ್ ಬರುತ್ತಿತ್ತು.

ಫೋನಿನ ಕಾಟ ಬೇರೆ ಥರ. ಪಕ್ಕದ ಬೀದಿಯ ಅಕ್ಕ ಒಬ್ಬರು ಗಾಬರಿಯಿಂದ ಫೋನ್ ತಂದರು. ವೈರಸ್ ಬಂದಿದೆ, ಈಗಲೇ ಕ್ಲೀನ್ ಮಾಡಿ ಅಂತ ಐದು ನಿಮಿಷಕ್ಕೊಂದು ಸೂಚನೆ. ಆ ಸೂಚನೆಯನ್ನು ಒತ್ತಿ ಹಿಡಿದೆ. ಬ್ರೌಸರ್‌ನ ಹೆಸರು ಬಂತು. ಯಾವುದೋ ಸೈಟ್ ನೋಡುವಾಗ ಕೇಳಿದ ಪ್ರಶ್ನೆಗೆ ಅವರು ಅಲೋ ಒತ್ತಿದ್ದರು, ಅಷ್ಟೇ. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್‌ಗೆ ಹೋಗಿ ಆ ಸೈಟ್ ತೆಗೆದೆ. ಕಾಟ ನಿಂತಿತು. ಸುಮ್ನೆ ಅಲೋ, ಬ್ಲಾಕ್ ಅಂತ ಕೇಳಿದರೆ ಅವರಿಗೆ ಹೇಗೆ ಗೊತ್ತಾಗಬೇಕು? ಮುಂದೆ ಈ ಸೈಟ್ ನಿಮ್ಮ ಫೋನಿಗೆ ಸಂದೇಶ ಕಳಿಸುತ್ತಾ ಇರುತ್ತದೆ ಅಂತ ಬಿಡಿಸಿ ಹೇಳಬೇಕು, ಅಲ್ವಾ?

ನಾಲ್ಕು ಜನ ಬಳಸುವ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಉಳಿಸಲಾ ಅನ್ನುವ ಪ್ರಶ್ನೆ ಇದಕ್ಕಿಂತ ಅಪಾಯ. ಒಂದು ಸಲ ಕಾಲೇಜು ಹುಡುಗಿಯೊಬ್ಬಳು ಎದ್ದು ಹೋದ ಮೇಲೆ ಅವಳ ಮೇಲ್ ಇನ್ನೂ ತೆರೆದೇ ಇತ್ತು. ಮುಂದಿನವರು ಕೂರುವ ಮೊದಲು ನನ್ನ ಕಣ್ಣಿಗೆ ಬಿತ್ತು, ಸದ್ಯ. ಆವತ್ತಿನಿಂದ ಗಿರಾಕಿಗಳಿಗೆ ಕ್ರೋಮ್‌ನ ಗೆಸ್ಟ್ ಕಿಟಕಿ, ಇಲ್ಲವೇ ಫೈರ್‌ಫಾಕ್ಸ್‌ನ ಪ್ರೈವೇಟ್ ಕಿಟಕಿ ಮಾತ್ರ ತೆರೆದುಕೊಡುತ್ತೇನೆ. ಎಲ್ಲ ಕಿಟಕಿ ಮುಚ್ಚಿದರೆ ಲಾಗಿನ್ ಹೋಗುತ್ತದೆ. ಆದರೆ ಡೌನ್‌ಲೋಡ್ ಆದ ಫೈಲ್ ಹೋಗುವುದಿಲ್ಲ. ಆಧಾರ್ ಪ್ರತಿ, ಅಂಕಪಟ್ಟಿ ಎಲ್ಲ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಕೂತಿರುತ್ತವೆ. ಸಂಜೆ ಷಟರ್ ಎಳೆಯುವ ಮೊದಲು ಎರಡೂ ಕಂಪ್ಯೂಟರ್‌ಗಳ ಆ ಫೋಲ್ಡರ್ ತೆರೆದು, ನಾನೇ ಕೈಯಾರೆ ಅಳಿಸುತ್ತೇನೆ.