ಅಟ್ಟದ ಮೇಲಿನ ಉಪ್ಪಾಗೆ, ಡಬ್ಬಿಯೊಳಗಿನ ಉಪ್ಪಾಗೆ

ನಮ್ಮ ಮನೆ ಶಿರಸಿ ಪೇಟೆಯಿಂದ ಸುಮಾರು ಒಳಗೆ. ಮಳೆಗಾಲ ಬಂತು ಅಂದರೆ ಉಪ್ಪಾಗೆ ಅನ್ನುವ ಹುಳಿ ಹಣ್ಣಿನ ಕೆಲಸ. ಹಳದಿ ಹಣ್ಣು ಒಡೆದು, ಬೀಜ ಬೇರೆ ಮಾಡಿ, ಸಿಪ್ಪೆಯನ್ನು ಒಲೆ ಮೇಲೆ ಹರವಿ ಹೊಗೆ ಕೊಟ್ಟು ಕಪ್ಪಾಗುವ ತನಕ ಒಣಗಿಸಬೇಕು. ಎರಡು ದಿನ ಹಣ್ಣು ಒಡೆದರೆ ಉಗುರಿನ ಸಂದಿಯೆಲ್ಲ ಹುಳಿಗೆ ಸುಲಿದು ಉರಿಯುತ್ತದೆ, ಸಾರು ಅನ್ನ ಕಲೆಸಲೂ ಆಗುವುದಿಲ್ಲ. ಇಷ್ಟು ಕಷ್ಟಪಟ್ಟ ಸಿಪ್ಪೆ ಕೇರಳದವರ ಮೀನು ಸಾರಿಗೆ ಹೋಗುತ್ತದೆ.

ಇಂಥ ಮನೆಯ ನಾನು ತೂಕ ಇಳಿಸಲು 900 ರೂಪಾಯಿ ಕೊಟ್ಟು ಅದೇ ಸಿಪ್ಪೆಯ ಕ್ಯಾಪ್ಸೂಲ್ ತರಿಸಿದೆ! ಡಬ್ಬಿ ಮೇಲೆ 'ಗಾರ್ಸಿನಿಯಾ ಕ್ಯಾಂಬೋಜಿಯಾ' ಅಂತಿತ್ತು. ಆಯಿ ತಿರುಗಿಸಿ ಮುರುಗಿಸಿ ನೋಡಿ, "ಅಟ್ಟದ ಮೇಲೆ ಚೀಲಗಟ್ಟಲೆ ಇದ್ದು, ದುಡ್ಡು ಕೊಟ್ಟು ಎಂತಕ್ಕೆ ತಂದ್ಯೋ ತಮಾ?" ಅಂದಳು. ಉತ್ತರ ಇರಲಿಲ್ಲ. ಆಗ ನನ್ನ ತೂಕ 79 ಕೆಜಿ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ ಎಚ್‌ಬಿಎ1ಸಿ 6.1. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು.

ಉಪ್ಪಾಗೆಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. 1965ರಲ್ಲಿ ಇದನ್ನು ಗುರುತಿಸಿದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರೇ. ಜಾಸ್ತಿ ತಿಂದ ಅನ್ನ ಸಕ್ಕರೆಯನ್ನು ಕೊಬ್ಬು ಮಾಡುವ ಒಂದು ಕಿಣ್ವವಿದೆ, ಈ ಹುಳಿ ಅದಕ್ಕೆ ಅಡ್ಡ ಬರುತ್ತದೆ. ಇಲಿಗಳಲ್ಲಿ ಕೆಲಸ ಮಾಡಿತು. ಮನುಷ್ಯರಲ್ಲಿ? 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 135 ಜನ, 12 ವಾರ. ಅರ್ಧದಷ್ಟು ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಔಷಧವೇ ಇಲ್ಲದ ಸುಳ್ಳು ಮಾತ್ರೆ. ಆಮ್ಲ ತಿಂದವರು ಸರಾಸರಿ 3.2 ಕೆಜಿ ಇಳಿದರು, ಸುಳ್ಳು ಮಾತ್ರೆಯವರು 4.1 ಕೆಜಿ! ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಅಲ್ಲವಂತೆ, ಆದರೂ ನಗು ಬರುತ್ತದೆ ಅಲ್ವಾ? ಇದನ್ನು ನಾನು ಓದಿದ್ದು ಮೂರನೇ ಡಬ್ಬಿ ಖಾಲಿಯಾದ ಮೇಲೆ.

ಅಷ್ಟರಲ್ಲಿ ನಾನು ಇಳಿದದ್ದು 800 ಗ್ರಾಂ. ಜೊತೆಗೆ ಎದೆ ಉರಿ. ಡಾಕ್ಟರ್ ಹತ್ತಿರ ಹೇಳಿದರೆ ಮೊದಲು ನಿಲ್ಲಿಸು ಅಂದರು. ಇಂಥ ಮಾತ್ರೆ ತಿಂದು ಲಿವರ್ ಕೆಡಿಸಿಕೊಂಡವರು ಇದ್ದಾರೆ, ಅಡುಗೆಗೆ ಒಂದು ಚೂರು ಸಿಪ್ಪೆ ಹಾಕುವುದು ಬೇರೆ, ಅದರ ಸಾರ ತೆಗೆದು ದಿನಾ ನುಂಗುವುದು ಬೇರೆ ಅಂತ ಬೈದರು. ಆಮೇಲೆ ನನ್ನ ತೊಡೆ ನೋಡಿ ಕೇಳಿದ್ದು, "ಕೂತು ಏಳುವ ಕೆಲಸ ಏನಾದರೂ ಮಾಡ್ತೀಯಾ?" ಊಟದ ಸಕ್ಕರೆಯಲ್ಲಿ ದೊಡ್ಡ ಪಾಲು ಸ್ನಾಯುವಿಗೇ ಹೋಗಬೇಕಂತೆ. ನಾನೋ ತೋಟಕ್ಕೂ ಬೈಕಿನಲ್ಲಿ ಹೋಗುವವನು.

ಬಸ್ಕಿ ಶುರು ಮಾಡಿದೆ. ಹೌದು, ಶಾಲೆಯಲ್ಲಿ ಮಾಸ್ತರು ಹೊಡೆಸುತ್ತಿದ್ದ ಅದೇ ಬಸ್ಕಿ. ಮೊದಲ ದಿನ ಹದಿನೈದಕ್ಕೆ ಸುಸ್ತು, ಮರುದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿದೆ. ಎರಡು ತಿಂಗಳಿಗೆ ಬೆನ್ನ ಮೇಲೆ ಹತ್ತು ಕೆಜಿ ಅಡಿಕೆ ಚೀಲ ಇಟ್ಟುಕೊಂಡು ನಲವತ್ತು. ರಾತ್ರಿ ಊಟ ಆದಮೇಲೆ ಅಂಗಳದಲ್ಲಿ ಕಾಲು ಗಂಟೆ ಓಡಾಟ. ಅನ್ನ ಒಂದು ಸೌಟು ಕಮ್ಮಿ, ಹುರುಳಿ ಜಾಸ್ತಿ. ಆರು ತಿಂಗಳಿಗೆ ತೂಕ ಬರೀ ಎರಡು ಕೆಜಿ ಇಳಿಯಿತು, ಆದರೆ ಬೆಲ್ಟಿಗೆ ಎರಡು ಹೊಸ ತೂತು, ಎಚ್‌ಬಿಎ1ಸಿ 5.7.

ಉಪ್ಪಾಗೆ ಬಿಟ್ಟಿಲ್ಲ. ಸಿಪ್ಪೆ ಕೊಬ್ಬು ಕರಗಿಸುತ್ತದೆ ಅಂತ ಪ್ರಪಂಚವೆಲ್ಲ ಓಡುತ್ತಿದ್ದರೆ, ಅದೇ ಹಣ್ಣಿನ ಬೀಜದಿಂದ ನಾವು ತುಪ್ಪ ತೆಗೆಯುತ್ತೇವೆ, ಗಟ್ಟಿ ತುಪ್ಪ. ಆಯಿ ಬಿಸಿ ದೋಸೆಗೆ ಸವರಿ ಕೊಡುತ್ತಾಳೆ. ಆ ದಿನ ಬಸ್ಕಿ ಐವತ್ತು.