ಒಂದು ಗೆರೆ ನಂದು, ಒಂದು ಗೆರೆ ಅವಳದು: ನನ್ನ ಅನುಭವ

ನನ್ನ ಮಗಳಿಗೆ ಈಗ ನಾಲ್ಕೂಮುಕ್ಕಾಲು ವರ್ಷ. ಒಂದೂವರೆ ವರ್ಷದ ಹಿಂದೆ ಕೈಗೆ ಕ್ರೇಯಾನ್ ಕೊಟ್ಟರೆ ವಾಪಸ್ ನನ್ನ ಕೈಯಲ್ಲೇ ಇಟ್ಟು "ನೀನೇ ಬರಿ, ನಂಗೆ ಬರಲ್ಲ" ಅನ್ನುತ್ತಿದ್ದಳು. ಈಗ ಶಾಲೆಯಿಂದ ಬಂದವಳು ಹಾಲಿಗಿಂತ ಮೊದಲು ಕಾಗದ ಕೇಳುತ್ತಾಳೆ. ಇದು ಆಗುತ್ತೆ ಅಂತ ಮನೆಯಲ್ಲಿ ಯಾರೂ ನಂಬಿರಲಿಲ್ಲ. "ಎಲ್ಲ ಮಕ್ಕಳಿಗೂ ಚಿತ್ರ ಬರೆಯೋದು ಒಲಿಯಲ್ಲಮ್ಮ, ಬಲವಂತ ಮಾಡಬೇಡ" ಅಂತ ಅತ್ತೆ ಹೇಳಿದ್ದರು. ಒಲಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಬೆಂಗಳೂರಿನ ಗಾಂಧಿ ಬಜಾರಿಗೆ ಹೋದಾಗಲೆಲ್ಲ ಒಂದೊಂದು ಕಲರಿಂಗ್ ಪುಸ್ತಕ ತರುತ್ತಿದ್ದೆ. ಹದಿನಾಲ್ಕೋ ಹದಿನೈದೋ ಆಗಿರಬೇಕು, ₹1,200 ಹತ್ತಿರ. ಎಲ್ಲದರಲ್ಲೂ ಮೊದಲ ಎರಡು ಪುಟಕ್ಕೆ ಮಾತ್ರ ಬಣ್ಣ. ಆನೆಯ ಕಿವಿ ತುಂಬುವಾಗ ಬಣ್ಣ ಗೆರೆ ದಾಟಿತು ಅಂದರೆ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಆ ಭಯ ಹುಟ್ಟಿಸಿದ್ದು ನಾವೇ. ಮನೆಯಲ್ಲಿ ಬಂದವರು ಹೋದವರೆಲ್ಲ "ಗೆರೆ ದಾಟಬೇಡ ಪುಟ್ಟಿ" ಅಂತಲೇ ಹೇಳುತ್ತಿದ್ದೆವು.

ಆಮೇಲೆ ಡ್ರಾಯಿಂಗ್ ಕ್ಲಾಸು. ಮೂರು ತಿಂಗಳ ಫೀಸು ಮುಂಚೆಯೇ ಕಟ್ಟಿಸಿಕೊಂಡರು, ₹4,500. ಅಲ್ಲಿ ಏನು ಬರೆಸುತ್ತಾರೆ ಅಂತ ನಿಮಗೂ ಗೊತ್ತು. ಎರಡು ಗುಡ್ಡ, ನಡುವೆ ಸೂರ್ಯ, ಗುಡಿಸಲು, ತೆಂಗಿನಮರ, ಮುಂದೆ ಹೊಳೆ. ಹನ್ನೆರಡು ಮಕ್ಕಳದೂ ಅದೇ ಚಿತ್ರ. ನಮ್ಮ ಮನೆ ಬ್ಯೂಗಲ್ ರಾಕ್ ಪಾರ್ಕಿನ ಹತ್ತಿರ. ಅಲ್ಲಿನ ಮರಗಳಲ್ಲಿ ಸಾಲುಸಾಲಾಗಿ ನೇತಾಡುವ ಬಾವಲಿಗಳನ್ನ ನೋಡಿಕೊಂಡೇ ಬೆಳೆದ ಮಗು ಇದು. "ಮಿಸ್, ನಾನು ಬಾವಲಿ ಬರೀಲಾ?" ಅಂತ ಕೇಳಿದ್ದಾಳೆ. ಬೋರ್ಡಿನಲ್ಲಿ ಇರೋದು ಬರಿ ಅಂದಿದ್ದಾರೆ. ಐದನೇ ವಾರ ಮೆಟ್ಟಿಲಲ್ಲೇ ಕೂತು ಅತ್ತಳು. ಬಿಡಿಸಿದೆ. ದುಡ್ಡು ವಾಪಸ್ ಬರಲಿಲ್ಲ.

ಹಿಂದಿನ ಬಾಡಿಗೆ ಮನೆಯದು ಇನ್ನೊಂದು ನೋವು. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯೋದು ನಮ್ಮೂರಲ್ಲಿ ಮಾಮೂಲಿ. ನಮಗೆ ₹18,000 ಜೊತೆಗೆ ಹಾಲ್ ಗೋಡೆಯ ಕ್ರೇಯಾನ್ ಗುರುತಿಗೆ ಅಂತ ಇನ್ನೊಂದು ಆರು ಸಾವಿರ ಹಿಡಿದರು. ಅವತ್ತು ನನಗೂ ಸಾಕಾಗಿತ್ತು.

ಆದರೆ ದೊಡ್ಡ ತಪ್ಪು ಕ್ಲಾಸಿನದಲ್ಲ, ನನ್ನದು. ನಾನು ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಎರಡೂ ಪಾಸ್ ಮಾಡಿದವಳು. ಇವತ್ತಿಗೂ ಕಾಗದದಿಂದ ಪೆನ್ಸಿಲ್ ಎತ್ತದೆ ಆನೆ ಬರೆಯಬಲ್ಲೆ. ಒಂದು ಸಂಜೆ ಅವಳ ಪಕ್ಕ ಕೂತು ಹಾಗೇ ಬರೆದೆ. ಅವಳು ನನ್ನ ಆನೆ ನೋಡಿದಳು. ತನ್ನ ಆನೆ ನೋಡಿದಳು. ಕ್ರೇಯಾನನ್ನ ಮೆಲ್ಲಗೆ ಡಬ್ಬಿಯೊಳಗೆ ಇಟ್ಟಳು. ಏನೂ ಮಾತಾಡಲಿಲ್ಲ. ಅವತ್ತು ರಾತ್ರಿಯೆಲ್ಲ ಅದೇ ಕಣ್ಣ ಮುಂದೆ.

ಮರುದಿನದಿಂದ ಆಟ ಬದಲಾಯಿಸಿದೆ. ಇಬ್ಬರಿಗೂ ಸೇರಿ ಒಂದೇ ಹಾಳೆ. ನಾನೊಂದು ಗೆರೆ ಹಾಕಬೇಕು, ಅವಳೊಂದು ಗೆರೆ ಹಾಕಬೇಕು. ಪೂರ್ತಿ ಚಿತ್ರವನ್ನ ಇಬ್ಬರಲ್ಲಿ ಒಬ್ಬರೇ ಬರೆಯುವ ಹಾಗಿಲ್ಲ. ಮತ್ತೆ ನಾನು ಬರೆಯೋದು ಎಡಗೈಯಲ್ಲಿ. ನನ್ನ ಗೆರೆಯೂ ಅವಳ ಗೆರೆಯ ಹಾಗೇ ನಡುಗುತ್ತೆ, ಇಬ್ಬರೂ ಸಮ. ಮೊದಲ ವಾರ ಮೂರು ನಾಲ್ಕು ಗೆರೆಗೇ ಎದ್ದು ಹೋಗುತ್ತಿದ್ದಳು. ಹೋಗಲಿ ಅಂತ ಬಿಟ್ಟೆ. ಮೂರನೇ ವಾರದ ಹೊತ್ತಿಗೆ ಇಪ್ಪತ್ತು ನಿಮಿಷ ಕೂರುತ್ತಿದ್ದಳು. ಎರಡು ತಿಂಗಳಾದ ಮೇಲೆ "ಈಗ ನೀನು ಬರೀಬೇಡ, ಸುಮ್ನೆ ನೋಡು" ಅಂದಳು. ನಾನು ಕಾಯುತ್ತಿದ್ದದ್ದು ಆ ಮಾತಿಗೇ.

ಮೊದಲನೇ ಗೆರೆ ಎಲ್ಲಿ, ಹೇಗೆ ಹಾಕುತ್ತೇನೆ ಅನ್ನೋದರಲ್ಲಿ ಒಂದು ಗುಟ್ಟಿದೆ, ಅದನ್ನ ಇಲ್ಲಿ ಬರೆಯಲ್ಲ. ನಿಮ್ಮ ಮಗುವಿಗೆ ಬೇಕಾದ ಗೆರೆ ಬೇರೆಯೇ ಇರುತ್ತೆ. "ಇದೇನು?" ಅಂತ ಕೇಳೋದನ್ನ ಮಾತ್ರ ನಿಲ್ಲಿಸಿ. ಕೇಳಿದ ತಕ್ಷಣ ಅದು ಏನಾದರೂ ಆಗಲೇಬೇಕು ಅಂತ ಮಗು ಅಂದುಕೊಳ್ಳುತ್ತೆ. "ಇಲ್ಲಿ ಜೋರಾಗಿ ಒತ್ತಿದ್ದೀಯ, ಇಲ್ಲಿ ಮೆತ್ತಗೆ" ಅಂತ ಕಂಡದ್ದನ್ನ ಹೇಳಿ, ಸಾಕು. "ಸೂಪರ್" ಅಂತ ಪ್ರತಿ ಗೆರೆಗೂ ಹೊಗಳೋದೂ ಬೇಡ. ನಾನು ಹೊಗಳಿದ ಹೂವನ್ನೇ ಹದಿನೈದು ದಿನ ಬರೆದಳು.

ಸಾಮಾನಿನ ವಿಷಯ ಹೇಳಿಬಿಡುತ್ತೇನೆ. ಗಟ್ಟಿ ಮೇಣದ ಕ್ರೇಯಾನ್ ಸಣ್ಣ ಕೈಗೆ ಕಷ್ಟ, ಎಷ್ಟು ಒತ್ತಿದರೂ ತೆಳು ಬಣ್ಣ. ಆಯಿಲ್ ಪೇಸ್ಟಲ್ ಮುಟ್ಟಿದರೆ ಸಾಕು, ಗಾಢವಾಗಿ ಬರುತ್ತೆ. ಬಟ್ಟೆಗೆ ಹತ್ತುತ್ತೆ ಅನ್ನೋದು ನಿಜ, ಒಂದು ಹಳೇ ಶರ್ಟ್ ಮೀಸಲಿಡಿ. ಪೇಸ್ಟಲ್ಲನ್ನ ಬೇಕಂತಲೇ ಎರಡು ತುಂಡು ಮಾಡಿ ಕೊಡುತ್ತೇನೆ. ತುಂಡು ಚಿಕ್ಕದಿದ್ದರೆ ಮುಷ್ಟಿಯಲ್ಲಿ ಹಿಡಿಯೋಕೆ ಆಗಲ್ಲ, ಬೆರಳ ತುದಿಯಲ್ಲೇ ಹಿಡಿಯುತ್ತಾರೆ. ಒಂದು ಸಲಕ್ಕೆ ಮೂರೇ ಬಣ್ಣ. 24 ಬಣ್ಣದ ಡಬ್ಬಿ ಮುಂದಿಟ್ಟರೆ ಆರಿಸೋದರಲ್ಲೇ ಸಂಜೆ ಮುಗಿಯುತ್ತೆ. ಕಾಗದಕ್ಕೆ ಅವೆನ್ಯೂ ರಸ್ತೆಗೆ ಹೋಗಿ ಒಂದು ರೀಮ್ ಎ3 ತಂದೆ, ₹500ರ ಆಸುಪಾಸು. ಐನೂರು ಹಾಳೆ, ಹತ್ತು ತಿಂಗಳಾದರೂ ಇನ್ನೂ ಇದೆ.

ಇನ್ನೂ ಕಮ್ಮಿ ಖರ್ಚಿನದು ನಮ್ಮ ಈಗಿನ ಮನೆಯ ನೆಲ. ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಒಂದು ಡಬ್ಬಿ ಸೀಮೆಸುಣ್ಣ ಕೊಟ್ಟು ಹಾಲ್ ನೆಲವನ್ನೇ ಬಿಟ್ಟುಕೊಟ್ಟೆ. ಸೀಮೆಸುಣ್ಣವನ್ನ ನೀರಲ್ಲಿ ಅದ್ದಿ ಎಳೆದರೆ ಮೊದಲು ಏನೂ ಕಾಣಲ್ಲ. ಒಣಗುತ್ತಾ ಒಣಗುತ್ತಾ ಆ ಕೆಂಪಿನ ಮೇಲೆ ಬಿಳಿ ಗೆರೆ ಮೇಲೇಳುತ್ತೆ. ಅದು ಬರುವ ತನಕ ಅವಳು ಮೊಣಕಾಲೂರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ, ಉಸಿರು ಬಿಗಿಹಿಡಿದು ಕಾಯುತ್ತಾಳೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಬಾಡಿಗೆ ಮನೆಯವರಿಗೆ ಇದಕ್ಕಿಂತ ಒಳ್ಳೇ ದಾರಿ ನನಗೆ ಕಂಡಿಲ್ಲ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಮುರಿದ ಕ್ರೇಯಾನ್ ತುಂಡುಗಳನ್ನ ಹಳೇ ಇಡ್ಲಿ ತಟ್ಟೆಯ ಗುಳಿಗೆ ಹಾಕಿ ಹಬೆಯಲ್ಲಿ ಕರಗಿಸಿದೆ. ಮುಚ್ಚಳದ ನೀರು ತೊಟ್ಟಿಕ್ಕಿ ಮೇಣ ತೂತುತೂತಾಯಿತು. ಎರಡನೇ ಸಲ ಬಟ್ಟಲಲ್ಲಿ ಹಾಕಿ ಬಿಸಿನೀರಿನ ಮೇಲೆ ಕರಗಿಸಿ ಗುಳಿಗೆ ಹೊಯ್ದೆ. ಇಡ್ಲಿಯಂಥ ದಪ್ಪ ಕ್ರೇಯಾನ್ ಬಂತು, ಅದನ್ನ ಹಿಡಿಯೋದು ಅವಳಿಗೆ ಬಲು ಖುಷಿ. ಆ ತಟ್ಟೆಯನ್ನ ಅತ್ತೆ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ, ಅದು ಸರಿಯೇ.

ಅರಿಶಿನದ್ದು ಇನ್ನೂ ಚೆನ್ನಾಗಿ ಬಂತು. ಆರತಿ ನೀರು ಕೆಂಪಾಗೋದು ನಮಗೆಲ್ಲ ಗೊತ್ತಲ್ವಾ? ಅದೇ ಲೆಕ್ಕ. ಮಕ್ಕಳ ಕೈಗೆ ಸುಣ್ಣ ಬೇಡ ಅಂತ ಬಟ್ಟೆ ಸೋಪಿನ ನೀರು ತೆಳ್ಳಗೆ ಮಾಡಿಟ್ಟೆ. ಅರಿಶಿನ ಬಳಿದು ಒಣಗಿಸಿದ ಹಾಳೆಯ ಮೇಲೆ ಆ ನೀರಲ್ಲಿ ಬರೆದರೆ ಕೆಂಪು ಗೆರೆ. ನಿಂಬೆರಸ ಸವರಿದರೆ ಮತ್ತೆ ಹಳದಿ. ಅವಳ ಪಾಲಿಗೆ ಅದು ರಬ್ಬರ್. ಒಂದು ಕಿಟಕಿಗೆ ಅಂಟಿಸಿದ್ದೆ, ಒಂದೇ ವಾರದ ಬಿಸಿಲಿಗೆ ಮಾಸಿಹೋಯಿತು.

ಜನವರಿಯಲ್ಲಿ ಚಿತ್ರಸಂತೆಗೆ ಕರಕೊಂಡು ಹೋದೆ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಸಂತೆ. ಸಾವಿರಾರು ಚಿತ್ರಗಳಿದ್ದವು, ಅವಳು ಒಂದನ್ನೂ ನೋಡಲಿಲ್ಲ. ರಸ್ತೆ ಪಕ್ಕ ಒಬ್ಬರು ಕೂತು ಎದುರಿನವರ ಮುಖ ಬರೆಯುತ್ತಿದ್ದರು, ಅಲ್ಲೇ ನಿಂತುಬಿಟ್ಟಳು. ತಲೆ ಎತ್ತಿ ನೋಡ್ತಾರೆ, ಒಂದು ಗೆರೆ. ಮತ್ತೆ ನೋಡ್ತಾರೆ, ಇನ್ನೊಂದು ಗೆರೆ. ಅರ್ಧ ಗಂಟೆ. ಮನೆಗೆ ಬಂದ ಮೇಲೆ ನನ್ನನ್ನ ಕೂರಿಸಿ "ಅಮ್ಮ, ಅಲ್ಲಾಡಬೇಡ" ಅಂದಳು. ಅವತ್ತಿನಿಂದ ನೋಡಿ ಬರೆಯೋದು ಶುರುವಾಯಿತು. ಬಾವಲಿಯನ್ನೂ ಬರೆದಳು. ಮೊದಲು ನೆಟ್ಟಗೆ ಬರೆದು, ಆಮೇಲೆ ಹಾಳೆಯನ್ನ ತಲೆಕೆಳಗು ಮಾಡಿ ನನ್ನ ಕೈಗೆ ಕೊಟ್ಟಳು. ಇದನ್ನ ನಾನು ಹೇಳಿಕೊಟ್ಟಿರಲಿಲ್ಲ.

ಅತ್ತೆಗೆ ಇದ್ದ ಒಂದೇ ತಕರಾರು ಅವಳು ಬರೆಯುವ ಮನುಷ್ಯರದು. ತಲೆಯಿಂದಲೇ ನೇರವಾಗಿ ಕಾಲು. "ಹೊಟ್ಟೆ ಎಲ್ಲಿ? ಹೇಳಿಕೊಡಬಾರದಾ?" ಅಂತ ನನ್ನನ್ನ ಕೇಳೋರು. ಮೂರು ನಾಲ್ಕು ವರ್ಷದ ಮಕ್ಕಳು ಹೀಗೇ ಬರೆಯೋದು, ಬಿಡಿ ಅತ್ತೆ, ಅನ್ನುತ್ತಿದ್ದೆ. ಹೇಳಿಕೊಡಲೇ ಇಲ್ಲ. ಬೇಸರ ಮಾಡಿಕೊಂಡರೂ ನಾನು ಬಗ್ಗಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ತಿಂಡಿ ಆದ ಕೂಡಲೇ, ನೆಲದ ಮೇಲೆ ಅಜ್ಜಿಯನ್ನ ಬರೆದಳು. ತಲೆ, ಕನ್ನಡಕ, ಕಾಲು. ಅಲ್ಲಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಅಜ್ಜಿಯನ್ನೇ ನೋಡಿದಳು. ಕಾಲಿನ ನಡುವೆ ಒಂದು ದೊಡ್ಡ ಸುತ್ತು ಎಳೆದಳು. ಅದರೊಳಗೆ ಮೂರು ಚಿಕ್ಕ ಸುತ್ತು.

"ಇದೇನೇ ಪುಟ್ಟಿ?" ಅಂತ ಅತ್ತೆ ಕೇಳಿಯೇಬಿಟ್ಟರು.

"ನೀನು ಮೂರು ಇಡ್ಲಿ ತಿಂದ್ಯಲ್ಲ ಅಜ್ಜಿ. ಅದಕ್ಕೆ ಜಾಗ ಬೇಕಲ್ವಾ?"

ಅವತ್ತು ಹಾಲ್ ಒರೆಸಬೇಡ ಅಂತ ಅತ್ತೆಯೇ ಹೇಳಿದರು. ಸಂಜೆ ಮಾವ ಬಂದು ನೋಡುವ ತನಕ ಎಲ್ಲರೂ ಗೋಡೆ ಪಕ್ಕದಿಂದ ಸುತ್ತಿ ಓಡಾಡಿದೆವು.